ಎಡಗೆನ್ನೆಯ ಮೇಷ್ಟ್ರು

ಆ ಸೋಮವಾರ ಬೆಳಗ್ಗೆ ವ್ಯಾಯಾಮದ ಹಾಲಿನಲ್ಲಿ ಇದ್ದವರು ನಾವು ಐದು ಜನ. ಫಿಸಿಯೋ ಮೇಡಂ ಕಿಟಕಿ ತೆರೆಯುತ್ತಿದ್ದರು. ಸ್ಟ್ರೋಕ್ ಆಗಿ ಎಡಗೈ ಸೋತಿದ್ದ ಒಬ್ಬ ರಿಟೈರ್ಡ್ ಬಸ್ ಕಂಡಕ್ಟರು ರಬ್ಬರ್ ಚೆಂಡು ಹಿಸುಕುತ್ತಾ ಕೂತಿದ್ದರು. ಅವರ ಪಕ್ಕದಲ್ಲಿ ಬಳೆ ಅಂಗಡಿಯ ಒಬ್ಬರು ಅಮ್ಮ; ಅವರಿಗೂ ಸ್ಟ್ರೋಕ್ ಆಗಿತ್ತು, ಮಾತು ತೊದಲುತ್ತಿತ್ತು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಕೊನೇ ವರ್ಷದ ಹುಡುಗಿ ಚಂದನಾ ನೆಲದ ಮೇಲೆ ಕೂತು ವೈರು ಸಿಕ್ಕಿಸುತ್ತಿದ್ದಳು. ಕುಣಿಗಲ್‌ನವಳು, ದಿನಾ ಬಸ್ಸಿನಲ್ಲಿ ಬಂದುಹೋಗುವವಳು. ಅವಳ ಹಿಂದೆ ಎಕ್ಸ್‌ಟೆನ್ಷನ್ ಬೋರ್ಡು ಹಿಡಿದು ನಿಂತಿದ್ದವನು ನಾನು, ಆ ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರು. ಆ ಹಾಲ್ ಇದ್ದದ್ದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹಾಗಾಗಿ ಯಂತ್ರವನ್ನು ತರುವುದು, ಕಾಯುವುದು, ಸಂಜೆ ಬಟ್ಟೆ ಹೊದಿಸುವುದು ನನ್ನ ಪಾಲಿಗೆ ಬಂದಿತ್ತು.

ಆ ಯಂತ್ರವೆಂದರೆ ಚಂದನಾಳ ತಂಡ ಪ್ರಾಜೆಕ್ಟಿಗೆಂದು ಕಟ್ಟಿದ ಎರಡೂವರೆ ಅಡಿಯ ಒಂದು ರೋಬೋಟು. ಮುಖವಿರಬೇಕಾದ ಕಡೆ ಪರದೆ. ಪರದೆಯ ಮೇಲೆ ಎರಡು ಹುಬ್ಬು, ಎರಡು ಕಣ್ಣು, ಒಂದು ಬಾಯಿ. ಎದುರಿಗಿದ್ದವರ ಮುಖವನ್ನು ಅದು ಕ್ಯಾಮೆರಾದಲ್ಲಿ ನೋಡಬೇಕು, ಅವರ ಮನಸ್ಸು ಹೇಗಿದೆಯೆಂದು ಊಹಿಸಬೇಕು, ತಾನೂ ಅದಕ್ಕೆ ತಕ್ಕ ಮುಖ ಮಾಡಿ ಎರಡು ಒಳ್ಳೆಯ ಮಾತಾಡಿ ಅವರನ್ನು ಗೆಲುವಾಗಿಸಬೇಕು. ಹುಡುಗರು ಅದಕ್ಕೆ ಚಿನ್ನು ಎಂದು ಹೆಸರಿಟ್ಟಿದ್ದರು. ನಾಲ್ಕು ತಿಂಗಳು ಹಾಲಿನಲ್ಲಿಟ್ಟು ನೋಡಲು ಮೇಡಂ ಒಪ್ಪಿದ್ದರು.

ಬಾಗಿಲಲ್ಲಿ ಕೋಲಿನ ಸದ್ದಾಯಿತು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಮಡಿಸಿದ ಟವೆಲ್ಲು, ಬಣ್ಣ ಹಚ್ಚಿ ತಿದ್ದಿದ ಮೀಸೆ. ಎಪ್ಪತ್ತರ ಹತ್ತಿರದ ವಯಸ್ಸು. ಮುಖದ ಎಡಭಾಗ ನೆಟ್ಟಗಿತ್ತು. ಬಲಭಾಗ ಮಾತ್ರ ಒಂದು ಕಡೆಯ ಹಗ್ಗ ಸಡಿಲಾದ ನಾಟಕದ ಪರದೆಯಂತೆ ಕೆಳಗಿಳಿದಿತ್ತು.

ಚಿನ್ನು ಕತ್ತು ತಿರುಗಿಸಿ ನೋಡಿತು. ಅದರ ಹುಬ್ಬು ಇಳಿಯಿತು, ಬಾಯಿಯ ತುದಿಗಳು ಬಾಗಿದವು.

“ನೀವು ದುಃಖದಲ್ಲಿರುವಂತೆ ಕಾಣುತ್ತಿದೆ. ಚಿಂತಿಸಬೇಡಿ. ನಾನು ನಿಮ್ಮೊಂದಿಗಿದ್ದೇನೆ.”

ಬಂದವರು ಹಿಂದೆ ತಿರುಗಿ ನೋಡಿದರು, ಯಾರಿಗೆ ಹೇಳಿದ್ದು ಎನ್ನುವ ಹಾಗೆ. ಆಮೇಲೆ ಮೇಡಂ ಕಡೆ ತಿರುಗಿದರು. “ಯಾರಮ್ಮ ಇದು, ಸಾವಿನ್ ಮನೆಗೆ ಬಂದ ನೆಂಟ್ರಂಗೆ ಮಾತಾಡೋದು?”

ಕಂಡಕ್ಟರ ಕೈಯಿಂದ ಚೆಂಡು ಬಿತ್ತು, ಅಷ್ಟು ನಕ್ಕರು.

“ಅದು ರೋಬೋಟು ತಾತ,” ಎಂದಳು ಚಂದನಾ. “ನಿಮ್ ಮನ್ಸು ಹೆಂಗಿದೆ ಅಂತ ಹೇಳುತ್ತೆ.”

“ನನ್ ಮನ್ಸಾ?” ಅವರು ಕೋಲೂರಿಕೊಂಡು ಮೇಜಿನ ಹತ್ತಿರ ಬಂದರು. “ನೋಡಪ್ಪಾ, ನಾನು ಈಗ ತಾನೆ ಕೆಳಗಡೆ ಎರಡು ತಟ್ಟೆ ಇಡ್ಲಿ ತಿಂದು, ಕಾಫಿ ಕುಡ್ದು ಬಂದಿದೀನಿ. ದುಕ್ಕ ಗಿಕ್ಕ ಏನಿಲ್ಲ.”

“ನಿಮ್ಮ ನೋವು ನನಗೆ ಅರ್ಥವಾಗುತ್ತದೆ.”

“ಏನ್ಲಾ ಅರ್ಥ ಆಗೋದು ನಿಂಗೆ? ಸರ್ಕಾರಿ ನೋಟಿಸ್ ಓದ್ದಂಗೆ ಕನ್ನಡ ಮಾತಾಡ್ತೀಯ!”

ಕೂಗಿದಷ್ಟೂ ಅವರ ಬಲದ ತುಟಿ ಇನ್ನಷ್ಟು ಜಾರಿತು. ತುಟಿ ಜಾರಿದಷ್ಟೂ ಚಿನ್ನುವಿನ ಮುಖ ಇನ್ನಷ್ಟು ಸಪ್ಪಗಾಯಿತು. ಕೊನೆಗೆ ಅದು ಕಣ್ಣಿನಲ್ಲಿ ಒಂದು ನೀಲಿ ಹನಿಯನ್ನೂ ತೋರಿಸಿತು. ನಾನು ಮೇಷ್ಟ್ರನ್ನು ಮೊದಲು ಕಂಡದ್ದು ಹೀಗೆ.

ಮೇಷ್ಟ್ರು ಎಂದರೆ ಶಾಲೆಯವರಲ್ಲ, ಪೆಟ್ಟಿಗೆ ಮೇಷ್ಟ್ರು. ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ನಾಟಕ ಆಡದ ಊರಿಲ್ಲ. ರಾಗಿ ಬೆಳೆಯುವವರು, ತೆಂಗಿನ ತೋಟದವರು, ಫ್ಯಾಕ್ಟರಿಗೆ ಹೋಗುವವರು, ಬ್ಯಾಂಕಿನ ಗುಮಾಸ್ತರು ಸೇರಿ ಒಂದು ಪೌರಾಣಿಕ ನಾಟಕ ಕಟ್ಟುತ್ತಾರೆ. ಅವರಿಗೆ ತಿಂಗಳುಗಟ್ಟಲೆ ತಾಲೀಮು ಕೊಟ್ಟು, ಹಾಡು ಮಾತು ಹೆಜ್ಜೆ ಕಲಿಸಿ, ನಾಟಕದ ದಿನ ಪೆಟ್ಟಿಗೆ, ಅಂದರೆ ಕಾಲಲ್ಲಿ ತುಳಿಯುವ ಹಾರ್ಮೋನಿಯಂ, ನುಡಿಸುತ್ತಾ ಇಡೀ ಆಟ ನಡೆಸಿಕೊಡುವವರು ಪೆಟ್ಟಿಗೆ ಮೇಷ್ಟ್ರು. ಇವರ ಊರು ಬೆಳ್ಳಾವಿ ಕಡೆ. ನಲವತ್ತು ವರ್ಷದಿಂದ ಇದೇ ಕೆಲಸ. ಕಾಯಿಲೆ ಬಿದ್ದ ಮೇಲೆ ಉಪ್ಪಾರಹಳ್ಳಿಯ ಮಗಳ ಮನೆಯಲ್ಲಿದ್ದರು.

ಅವರ ಪಾಠದ ಕ್ರಮವೇ ಬೇರೆ. ಶಿಷ್ಯ ತಪ್ಪು ಹಾಡಿದರೆ ತಿದ್ದುತ್ತಿರಲಿಲ್ಲ. ತಾವು ಅದಕ್ಕಿಂತ ಕೆಟ್ಟದಾಗಿ ಹಾಡಿ ತೋರಿಸುತ್ತಿದ್ದರು. ಶಿಷ್ಯನೇ ತಡೆಯಲಾರದೆ “ಹಂಗಲ್ಲ ಮೇಷ್ಟ್ರೇ, ಹಿಂಗೆ!” ಎಂದು ಸರಿಯಾಗಿ ಹಾಡಿಬಿಡಬೇಕು. ಆಗ ಇವರು “ಹೌದಾ? ಹಂಗಾದ್ರೆ ಹಂಗೇ ಹಾಡು” ಎಂದು ಪೆಟ್ಟಿಗೆ ತುಳಿಯುವರು. ಒಂದು ಸಲ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಗೆ ಹೋಗುವ ಒಬ್ಬ ಸಾಧು ಮನುಷ್ಯನಿಗೆ ಉಗ್ರ ಸೇನಾಪತಿಯ ಪಾತ್ರ ಬಂದಿತ್ತಂತೆ. ಎಷ್ಟು ಹೇಳಿಕೊಟ್ಟರೂ ಸಿಟ್ಟು ಬರದು. ಮೇಷ್ಟ್ರು ಅವನ ಹೊಸ ಬೈಕಿನ ಕೀ ತೆಗೆದುಕೊಂಡು ಬಾವಿಯ ಕಟ್ಟೆ ಹತ್ತಿ ಒಳಗೆ ಎಸೆದವರ ಹಾಗೆ ಕೈ ಬೀಸಿದರು. “ಏಯ್!” ಎಂದು ಅವನು ಅಬ್ಬರಿಸಿದ ಸದ್ದಿಗೆ ಮರದ ಹಕ್ಕಿಗಳೆಲ್ಲ ಎದ್ದವು. “ಅದೇ ಸ್ವರ, ಬುಡಬ್ಯಾಡ, ಮಾತು ಶುರು ಮಾಡು!” ಎಂದರಂತೆ, ಕಟ್ಟೆಯ ಮೇಲೆ ನಿಂತೇ. ಕೀ ಅವರ ಸೊಂಟದಲ್ಲೇ ಇತ್ತು.

ಅಲಂಕಾರಪ್ರಿಯರು. ಜೇಬಿನಲ್ಲಿ ಪುಟ್ಟ ಕನ್ನಡಿ, ಬಾಚಣಿಗೆ. ಕಾಯಿಲೆಯ ನಂತರ ಆ ಕನ್ನಡಿ ತೆಗೆದದ್ದನ್ನು ನಾನು ನೋಡಲಿಲ್ಲ. ಹಾಲಿನಲ್ಲಿ ಯಾವಾಗಲೂ ಬಲಗೆನ್ನೆ ಗೋಡೆಗೆ ಬರುವ ಹಾಗೆ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಚಂದನಾ ಪ್ರಾಜೆಕ್ಟಿಗೆಂದು ಫೋಟೋ ತೆಗೆಯಲು ಹೋದರೆ ಟವೆಲ್ಲು ಅಡ್ಡ ಹಿಡಿಯುತ್ತಿದ್ದರು. ಯಾರಾದರೂ ಕನಿಕರದ ಮಾತಾಡಿದರೆ “ಮುಖ ತಾನೆ ಬಿದ್ದಿರೋದು, ಮನೆ ಬಿದ್ದಿಲ್ವಲ್ಲ” ಎಂದು ಬಾಯಿ ಮುಚ್ಚಿಸುತ್ತಿದ್ದರು. ಕೈಕಾಲು ಮೂರು ತಿಂಗಳಲ್ಲಿ ಮುಕ್ಕಾಲು ಮರಳಿದ್ದವು. ಮುಖ ಮಾತ್ರ ಮರಳಿರಲಿಲ್ಲ. ಅವರ ತರಾತುರಿಯೆಲ್ಲ ಅದಕ್ಕೇ.

ತರಾತುರಿಗೆ ಕಾರಣವಿತ್ತು. ಅವರ ಪಕ್ಕದ ಊರಿನ ಹನ್ನೆರಡು ಹೆಂಗಸರು ನಾಟಕ ಆಡಬೇಕೆಂದು ಹೊರಟಿದ್ದರು. ರಾಜ, ಸೇನಾಪತಿ, ಮುನಿ ಎಲ್ಲ ಪಾತ್ರವೂ ಹೆಂಗಸರದೇ. ಮುಂದಾಳು ಗೌರಮ್ಮ ಎಂಬ ಅಂಗನವಾಡಿ ಟೀಚರು. ಆಕೆಯದು ಗದೆ ಹೊತ್ತ ಖಳರಾಜನ ಪಾತ್ರ. ಮೂವರು ಪೆಟ್ಟಿಗೆ ಮೇಷ್ಟ್ರುಗಳು ಕಲಿಸಲು ಒಪ್ಪಿರಲಿಲ್ಲ. ಒಬ್ಬರಂತೂ “ಹೆಂಗಸ್ರಿಗೆ ಗದೆ ಹೊರೋದು ಕಲ್ಸೋಕೆ ನಂಗೇನು ತಲೆ ಕೆಟ್ಟಿದ್ಯಾ?” ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು. ನಮ್ಮ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: “ತಾಲೀಮಿಗೆ ಟೈಮಿಗ್ ಸರ್ಯಾಗಿ ಬರ್ತೀರಾ?” ನಾಲ್ಕು ತಿಂಗಳು ಕಲಿಸಿದ ಮೇಲೆ ಸ್ಟ್ರೋಕ್ ಆಯಿತು. ಗುಬ್ಬಿಯಲ್ಲಿ ಸಭಾಭವನ ಗೊತ್ತುಮಾಡಿ ಆಗಿತ್ತು, ನೆಂಟರಿಷ್ಟರಿಗೆಲ್ಲ ಹೇಳಿ ಆಗಿತ್ತು. ಮೇಷ್ಟ್ರು ಕೂರದಿದ್ದರೆ ನಾಟಕ ಇಲ್ಲ. ಈ ಸಲ ನಿಂತರೆ ಆ ಹೆಂಗಸರು ಮತ್ತೆ ರಂಗ ಹತ್ತುವುದೂ ಇಲ್ಲ. ಊರಿನ ಗಂಡಸರು ಅಷ್ಟು ಹೊತ್ತಿಗೇ ನಗಲು ತಯಾರಾಗಿದ್ದರು.

“ಕೈ ಆಡುತ್ತೆ, ಕಾಲು ತುಳಿಯುತ್ತೆ. ಸಾಕಲ್ವಾ ಮೇಷ್ಟ್ರೇ? ಪೆಟ್ಟಿಗೆಗೆ ಮುಖ ಯಾಕೆ?” ಎಂದು ನಾನು ಒಂದು ದಿನ ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನು ನಾಟ್ಕ ಜನರ ನಡುವೆ ಕೂತು ನೋಡಿದೀಯ ಅಷ್ಟೆ. ಪಾತ್ರಧಾರಿ ಜನರನ್ನ ನೋಡಲ್ಲ ಕಣಯ್ಯ, ನನ್ ಮುಖ ನೋಡ್ತಾನೆ. ನಾನ್ ಹುಬ್ಬು ಎತ್ತಿದ್ರೆ ಅವ್ನಿಗೆ ಸಿಟ್ಟು ಏರ್ತದೆ. ನಾನ್ ಕಣ್ಣು ಇಳಿಸಿದ್ರೆ ಅವ್ನಿಗೆ ಗಂಟಲು ತುಂಬ್ತದೆ. ಮಾತು ಮರೆತ್ರೆ ಬಾಯಲ್ಲಿ ಹೇಳ್ಕೊಡ್ಬಹುದು. ಭಾವ ಮರೆತ್ರೆ ಮುಖದಲ್ಲೇ ಹೇಳ್ಕೊಡ್ಬೇಕು.”

ಈ ಮಾತು ನನ್ನ ಮನಸ್ಸಿನಲ್ಲಿ ಕೂತಿತು. ಯಾಕೆಂದರೆ ನಾವು ಹುಡುಗರ ಜೊತೆ ವರ್ಷವೆಲ್ಲ ಕೂತು ಯಂತ್ರಕ್ಕೆ ಕಲಿಸಲು ಒದ್ದಾಡಿದ್ದು ಇದನ್ನೇ. ಮುಖದಿಂದ ಮುಖಕ್ಕೆ ಮನಸ್ಸು ದಾಟುವುದನ್ನು.

ದಾಟುತ್ತಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ದಾಟುತ್ತಿದ್ದದ್ದು ಬರೀ ಅಳು. ಕಾಯಿಲೆಯವರ ಮುಖ ನೋಡಿ ಚಿನ್ನು ಮಂಕಾಗುವುದು, ಅದರ ಮಂಕು ನೋಡಿ ಅವರು ಇನ್ನಷ್ಟು ಕುಗ್ಗುವುದು. ಎರಡನೇ ವಾರಕ್ಕೆ ಹಾಲಿನಲ್ಲಿ ಮಾತೇ ನಿಂತಿತು. ಬಳೆ ಅಂಗಡಿಯ ಅಮ್ಮ ಅದರ ಮುಂದೆ ಕೂತರೆ ಸಾಕು, ಸೆರಗು ಕಣ್ಣಿಗೆ ಹೋಗುತ್ತಿತ್ತು. ನಮ್ಮ ಕಡೆಯ ಹೆಂಗಸರಿಗೆ ಎದುರಿಗಿದ್ದವರು ಅಳುವಾಗ ತಾವು ಮೊದಲು ಕಣ್ಣೊರೆಸಿಕೊಳ್ಳುವುದು ಮರ್ಯಾದೆಯಲ್ಲ. ಅದು ನಿಲ್ಲಿಸಲಿ ಎಂದು ಇವರು, ಇವರು ನಿಲ್ಲಿಸಲಿ ಎಂದು ಅದು. ವ್ಯಾಯಾಮದ ಅರ್ಧ ಗಂಟೆ ಹೀಗೇ ಕಳೆದುಹೋಗುತ್ತಿತ್ತು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, “ಸರ್, ಮುಂದಿನ ವಾರ ಇದನ್ನ ವಾಪಸ್ ತಗೊಂಡ್ ಹೋಗ್ಬಿಡಿ” ಎಂದರು.

ಚಂದನಾಳ ಮುಖ ಸಣ್ಣದಾಯಿತು. ಮೇಷ್ಟ್ರು ಅವಳನ್ನು ಹತ್ತಿರ ಕರೆದರು.

“ಅಮ್ಮಣ್ಣಿ, ನಿನ್ ಗೊಂಬೆ ಕೆಟ್ಟದ್ದಲ್ಲ. ಆದ್ರೆ ನೀನು ಅದ್ನ ದೊಡ್ಡ ಮನುಷ್ಯನ್ನ ಮಾಡ್ಬಿಟ್ಟಿದೀಯ. ಬಂದೋರ್ಗೆಲ್ಲ ಸಮಾಧಾನ ಹೇಳ್ತದೆ. ದಿನಾ ಸಮಾಧಾನ ಹೇಳಿದ್ರೆ ಗಟ್ಟಿಮುಟ್ಟಾದೋನೂ ಮಲಿಕ್ಕಂತಾನೆ. ಅದ್ನ ದಡ್ಡ ಶಿಷ್ಯನ್ನ ಮಾಡು.”

“ಅಂದ್ರೆ?”

“ಅದಕ್ಕೆ ನಗೋಕೆ ಬರಬಾರ್ದು. ಹುಬ್ಬು ಎತ್ತೋಕೆ ಬರಬಾರ್ದು. ಸೊಟ್ಟಸೊಟ್ಟ ಮಾಡ್ಲಿ. ಇವ್ರು ಹೇಳ್ಕೊಡ್ಲಿ.”

“ತಾತ, ನಮ್ ಪ್ರಾಜೆಕ್ಟ್ ಹೆಸ್ರೇ ಸಾಂತ್ವನ!”

“ಹೆಸ್ರು ಹಂಗೇ ಇರ್ಲಿ ಬುಡು. ಒಂದೇ ಒಂದ್ ವಾರ ಮಾಡಿ ನೋಡು.”

ಅವಳು ಎರಡು ದಿನ ಕಾಲೇಜಿನ ಲ್ಯಾಬಿನಲ್ಲಿ ಕೂತು ಮಾಡಿದಳು. ಗುರುವಾರ ಚಿನ್ನು ಹೊಸ ಮಾತು ಕಲಿತು ಬಂತು. “ನನಗೆ ನಗಲು ಬರುತ್ತಿಲ್ಲ. ದಯವಿಟ್ಟು ತೋರಿಸಿಕೊಡಿ” ಎಂದು ಹೇಳಿ ಬಾಯನ್ನು ಒಂದು ಕಡೆಗೆ ಮಾತ್ರ ಎಳೆಯಿತು, ಹಲ್ಲುನೋವು ಬಂದವರ ಹಾಗೆ.

ಕಂಡಕ್ಟರು ನೋಡಿದರು, ಇನ್ನೊಂದು ಸಲ ನೋಡಿದರು, ತಡೆಯಲಾಗಲಿಲ್ಲ. “ಥೂ, ಹಂಗಲ್ಲ ಕಣೋ! ಎರಡೂ ಕಡೆ ಎಳಿ. ಹಿಂಗೆ. ನೋಡಿಲ್ಲಿ, ಹಿಂಗೆ! ಮುಂದಕ್ ಬಾ, ಮುಂದಕ್ ಬಾ, ಜಾಗ ಐತೆ!”

ಬಳೆ ಅಂಗಡಿಯ ಅಮ್ಮ ಮೂರು ತಿಂಗಳಲ್ಲಿ ಮೊದಲ ಸಲ ಕೆನ್ನೆ ಉಬ್ಬಿಸಿದರು. ಚಿನ್ನುವಿಗೆ ಗಾಳಿ ಊದುವುದು ಹೇಗೆಂದು ತೋರಿಸಲು. ಅದು ತಪ್ಪು ಮಾಡಿತು. ಅವರು ಮತ್ತೆ ಊದಿದರು. “ಎಷ್ಟ್ ಸತಿ ಹೇಳ್ಬೇಕೇ ನಿಂಗೆ?” ಎಂದು ತೊದಲುತ್ತಲೇ ಗದರಿದರು. ತಮ್ಮ ಮುಖಕ್ಕೆಂದು ಹತ್ತು ಸಲ ಮಾಡದ ವ್ಯಾಯಾಮವನ್ನು ಆ ಪೆದ್ದು ಯಂತ್ರಕ್ಕೋಸ್ಕರ ಐವತ್ತು ಸಲ ಮಾಡಿದರು. ಮೇಡಂ ವಾಪಸ್ ಕಳಿಸುವ ಮಾತು ಮತ್ತೆ ಎತ್ತಲಿಲ್ಲ.

ಮೇಷ್ಟ್ರೂ ಮಾಡಿದರು, ಎಲ್ಲರಿಗಿಂತ ಹೆಚ್ಚು. ಬೆಳಗ್ಗೆ ಮೊದಲು ಬರುವವರು, ಕೊನೆಗೆ ಹೋಗುವವರು. ಆದರೂ ಆ ಬಲಗೆನ್ನೆ ಜಗ್ಗಲಿಲ್ಲ. ನಾಟಕಕ್ಕೆ ಮೂರು ವಾರ ಉಳಿದಾಗ ಅವರು ಕೋಲನ್ನು ಮೂಲೆಗಿಟ್ಟು ನನ್ನ ಕಡೆ ತಿರುಗಿದರು.

“ಭಾನುವಾರ ಕಾರು ತೆಗೀತೀಯಾ? ತಾಲೀಮಿಗೆ ಹೋಗ್ಬೇಕು.”

ಹೋದೆವು. ಊರಿನ ಸಮುದಾಯ ಭವನ, ಮಧ್ಯಾಹ್ನದ ಹೊತ್ತು. ಹನ್ನೆರಡೂ ಜನ ಬಂದಿದ್ದರು. ಮನೆಯ ಕೆಲಸ ಮುಗಿಸಿ, ಗಾರ್ಮೆಂಟ್ಸ್ ಫ್ಯಾಕ್ಟರಿಯ ವಾರದ ಒಂದೇ ರಜೆಯನ್ನು ಇದಕ್ಕೆ ಕೊಟ್ಟು ಬಂದಿದ್ದರು. ಮೇಷ್ಟ್ರು ಪೆಟ್ಟಿಗೆಯ ಮುಂದೆ ಕೂತರು. ಅವರ ಪದ್ಧತಿಯಲ್ಲಿ ಪೆಟ್ಟಿಗೆಯ ಜಾಗ ರಂಗದ ಮುಂದೆ, ನೋಡುವವರ ಬಲಗೈ ಮೂಲೆ. ಅಲ್ಲಿ ಕೂತರೆ ಮೇಷ್ಟ್ರ ಬಲಗೆನ್ನೆ ಪಾತ್ರಧಾರಿಗಳಿಗೆ, ಎಡಗೆನ್ನೆ ಜನಕ್ಕೆ. ನಲವತ್ತು ವರ್ಷ ಅವರು ಕೂತದ್ದೂ ಹಾಗೆಯೇ.

ಸ್ವರ ಹೊರಟಿತು. ಗೌರಮ್ಮ ಗದೆ ಹೊತ್ತು ಬಂದರು. ಖಳರಾಜ ತುಂಬಿದ ಸಭೆಯಲ್ಲಿ ಗಹಗಹಿಸಿ ನಗುವ ಜಾಗ. ಆಕೆ ಬಾಯಿ ತೆರೆದು ಎರಡು ಸಲ “ಹಹ್ಹಾ” ಎಂದರು, ಅಭ್ಯಾಸದ ಹಾಗೆ ಮೇಷ್ಟ್ರ ಮುಖ ನೋಡಿದರು, ಮೂರನೆಯ ನಗು ಗಂಟಲಲ್ಲಿ ಒಡೆದುಹೋಯಿತು. ಗದೆ ಕೆಳಗಿಟ್ಟು ಸೆರಗು ಬಾಯಿಗೊತ್ತಿಕೊಂಡರು. ಸೇನಾಪತಿಯೂ ಅತ್ತಳು. ಮುನಿಯ ಪಾತ್ರದವಳಂತೂ ಗೋಡೆಗೆ ಮುಖ ಮಾಡಿ ನಿಂತಳು.

ಮೇಷ್ಟ್ರು ಪೆಟ್ಟಿಗೆ ನಿಲ್ಲಿಸಿದರು. “ಯಾಕೆ? ನನ್ ಮುಖದಲ್ಲಿ ಏನ್ ಕಾಣ್ತು? ನಿಜ ಹೇಳ್ರವ್ವ.”

“ಏನಿಲ್ಲ ಬುಡಿ ಮೇಷ್ಟ್ರೇ,” ಎಂದರು ಗೌರಮ್ಮ. “ಮೊದ್ಲಂಗೇ ಅದೆ. ನಂಗೇ ಇವತ್ತು ಮೈ ಸರಿಯಿಲ್ಲ.”

“ನಿಂಗೆ?”

“ಮೊದ್ಲಂಗೇ ಅದೆ ಮೇಷ್ಟ್ರೇ.”

ಹನ್ನೆರಡು ಬಾಯಲ್ಲೂ ಅದೇ ಮಾತು. ಆಮೇಲೆ ಗೌರಮ್ಮ ಕಾಫಿ ಲೋಟ ಕೊಡುತ್ತಾ ಮೆಲ್ಲಗೆ ಹೇಳಿದರು: “ನೀವು ಚೆನ್ನಾಗಿದ್ರೆ ಸಾಕು ಮೇಷ್ಟ್ರೇ. ನಾಟ್ಕ ಏನು, ಆಡದಿದ್ರೂ ನಡೀತದೆ. ನಗೋರು ನಕ್ಕೊಳ್ಲಿ.”

ವಾಪಸ್ ಬರುವಾಗ ತುಮಕೂರಿನ ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವರು ಹೇಳಿದರು: “ಹನ್ನೆರಡು ಜನಾನೂ ಸುಳ್ಳು ಹೇಳುದ್ರು ಕಣಯ್ಯ. ನನ್ ಮಗ್ಳೂ ಹಂಗೇ ಹೇಳ್ತಾಳೆ. ಡಾಕ್ಟ್ರೂ ಹಂಗೇ ಹೇಳ್ತಾನೆ. ನೀನೂ ಹಂಗೇ ಹೇಳೋನು. ನಿಜ ಗೊತ್ತಾಗ್ದೆ ನಾನು ತಿದ್ಕೊಳ್ಳೋದ್ ಹೆಂಗೆ?”

ಹಸಿರು ದೀಪ ಬಂತು, ಗಾಡಿ ತೆಗೆದೆ.

ಮಾರನೆಯ ದಿನ ನಾನು ಹಾಲಿನ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿದ್ದರು. ಚಂದನಾ ಬಂದ ಕೂಡಲೇ ಕೇಳಿದರು: “ಅಮ್ಮಣ್ಣಿ, ನಿನ್ ಗೊಂಬೆ ಮೊದ್ಲು ಮಾಡ್ತಿದ್ದ ಹಳೇ ಪಾಠ ಇದ್ಯಾ? ಮುಖ ನೋಡಿ ಹೇಳೋದು?”

“ಇದೆ ತಾತ. ಆದ್ರೆ ಅದು ನಿಮ್ಮನ್ನ ಕಂಡ್ರೆ ಬರೀ...”

“ಅದೇ ಬೇಕು. ಹಾಕು.”

ಚಿನ್ನುವನ್ನು ತಮ್ಮ ಎದುರಿಗೆ ಇಡಿಸಿಕೊಂಡರು. ಕಣ್ಣು ಅರಳಿಸಿ, ಹುಬ್ಬು ಗಂಟಿಕ್ಕಿ, ಯುದ್ಧಕ್ಕೆ ಹೊರಟ ರಾಜನ ಸಿಟ್ಟು ತಂದುಕೊಂಡರು. “ಹೇಳ್ಲಾ.”

“ನೀವು ದುಃಖದಲ್ಲಿರುವಂತೆ ಕಾಣುತ್ತಿದೆ.”

“ಸರಿ.” ಅವರು ಕುರ್ಚಿಯನ್ನು ಎಡಕ್ಕೆ ತಿರುಗಿಸಿ ಬಲಗೆನ್ನೆಯನ್ನು ಅದಕ್ಕೆ ಕೊಟ್ಟರು. ಅದೇ ಸಿಟ್ಟು. “ಈಗ?”

“ನೀವು ದುಃಖದಲ್ಲಿರುವಂತೆ ಕಾಣುತ್ತಿದೆ. ಚಿಂತಿಸಬೇಡಿ.”

ಚಂದನಾ ತುಟಿ ಕಚ್ಚಿಕೊಂಡಳು. ಮೇಷ್ಟ್ರು ಎದ್ದು, ಆ ಭಾರದ ಮರದ ಕುರ್ಚಿಯನ್ನು ತಾವೇ ಎಳೆದು, ಪೂರ್ತಿ ಆ ಕಡೆಗೆ ತಿರುಗಿಸಿ ಎಡಗೆನ್ನೆ ಕೊಟ್ಟು ಕೂತರು. ಸಿಟ್ಟು ತಂದುಕೊಂಡರು. ಈ ಸಲ ಕೇಳಲೂ ಇಲ್ಲ.

ಚಿನ್ನುವಿನ ಕಣ್ಣು ಚಿಕ್ಕದಾಯಿತು, ಹುಬ್ಬು ಮೇಲೆದ್ದಿತು. ಕತ್ತು ಒಂದು ಗೇಣು ಹಿಂದಕ್ಕೆ ಸರಿಯಿತು. “ನೀವು ಕೋಪದಲ್ಲಿರುವಂತೆ ಕಾಣುತ್ತಿದೆ.”

“ಏನಂತು?”

“ಕೋಪ ಅಂತು ತಾತ!”

“ಕೋಪ ಅಂತು! ಕೋಪ ಅಂತು ಕಣಯ್ಯ!” ಅವರು ನನ್ನ ತೋಳು ಹಿಡಿದು ಅಲ್ಲಾಡಿಸಿಬಿಟ್ಟರು. “ಇದಕ್ಕೆ ಮುಲಾಜಿಲ್ಲ ನೋಡು. ನನ್ ಮನ್ಸು ನೋಯ್ತದೆ ಅಂತ ಇದಕ್ಕೆ ಗೊತ್ತಾಗಲ್ಲ. ಇದ್ದಿದ್ನ ಇದ್ದಂಗೆ ಹೇಳ್ತದೆ!”

ಸಾಂತ್ವನ ಹೇಳಲೆಂದು ಕಟ್ಟಿದ ಯಂತ್ರದಿಂದ ಅವರಿಗೆ ಸಿಕ್ಕಿದ್ದು ಈ ನಿರ್ದಾಕ್ಷಿಣ್ಯ. ಅಂದಿನಿಂದ ಹದಿನೆಂಟು ದಿನ ಅದರ ಮುಂದೆ ಎಡಗೆನ್ನೆ ಕೊಟ್ಟು ಕೂತರು. ಸಿಟ್ಟು, ನಗು, ಭಯ, ಆಶ್ಚರ್ಯ. ಅದು ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ತಮ್ಮದೇ ತಪ್ಪೆಂದು ತಿಳಿದು ಮತ್ತೆ ಮಾಡುತ್ತಿದ್ದರು. ಅರ್ಧ ಮುಖದಲ್ಲಿ ಇಡೀ ಮುಖದ ಕೆಲಸ ತೆಗೆಯಬೇಕಿತ್ತು. ಹುಬ್ಬನ್ನು ಮೊದಲಿಗಿಂತ ಎರಡು ಪಟ್ಟು ಏರಿಸುವುದು, ತುಟಿಯ ತುದಿಯನ್ನು ಕೊಂಚ ಮೊದಲೇ ಎಳೆಯುವುದು, ಹೀಗೆ ಒಂದೊಂದನ್ನೂ ಹೊಸದಾಗಿ ಅಳತೆ ಮಾಡಿಕೊಂಡರು. ಭಯ ಮಾತ್ರ ಕೊನೆಯವರೆಗೂ ಕೂಡಲಿಲ್ಲ. ಚಿನ್ನು ಅದನ್ನು ಆಶ್ಚರ್ಯ ಎಂದೇ ಹೇಳುತ್ತಿತ್ತು. “ಹೋಗ್ಲಿ, ನನ್ ಹೆಣ್ಮಕ್ಳಿಗೆ ಭಯ ಬ್ಯಾಡ ಬುಡು” ಎಂದು ಅದನ್ನು ಕೈಬಿಟ್ಟರು.

ನಾಟಕದ ಹಿಂದಿನ ದಿನ ಸಂಜೆ ಗುಬ್ಬಿಯ ಸಭಾಭವನದಲ್ಲಿ ಸೀನರಿ ಕಟ್ಟುವವನಿಗೂ ಮೇಷ್ಟ್ರಿಗೂ ಜಟಾಪಟಿ ನಡೆಯಿತು.

“ಪೆಟ್ಟಿಗೆ ಎಡಗಡೆ ಮೂಲೇಗೆ ಹಾಕು.”

“ಎಡಗಡೇನಾ? ಮೇಷ್ಟ್ರೇ, ಮೈಕು ಈ ಕಡೆ, ತಬಲಾ ಈ ಕಡೆ, ಲೈಟು ಈ ಕಡೆ. ನಿಮ್ ನಾಟ್ಕಕ್ಕೆ ಯಾವತ್ತಾದ್ರೂ ಆ ಕಡೆ ಹಾಕಿದೀವಾ?”

“ಹಾಕಿಲ್ಲ. ನಾಳೆ ಹಾಕ್ತೀಯ.”

“ಜನ ಏನಂತಾರೆ? ಹೆಂಗಸ್ರ ನಾಟ್ಕ ಅಂತ ಎಲ್ಲಾ ಉಲ್ಟಾ ಮಾಡವ್ರೆ ಅಂತಾರೆ.”

“ಅನ್ಲಿ. ನೀನ್ ಹಗ್ಗ ಬಿಚ್ಚು. ನಿಂಗಾಗದಿದ್ರೆ ನಾನೇ ಎಳ್ಕೊಂಡ್ ಹೋಗ್ತೀನಿ.” ನಿಜವಾಗಿಯೂ ಪೆಟ್ಟಿಗೆಯ ಕಾಲಿಗೆ ಕೈ ಹಾಕಿದರು. ಅವನು ಗೊಣಗುತ್ತಾ ಬಿಚ್ಚಿದ.

ನನಗೆ ಆಗ ಇನ್ನೊಂದು ಹೊಳೆಯಿತು. ಆ ಮೂಲೆಯಲ್ಲಿ ಕೂತರೆ ಎಡಗೆನ್ನೆ ರಂಗಕ್ಕೇನೋ ಸಿಗುತ್ತದೆ. ಆದರೆ ಬಿದ್ದುಹೋದ ಬಲಗೆನ್ನೆ ಇಡೀ ದಿನ ಜನರ ಕಡೆಗೆ ಇರುತ್ತದೆ. ಗೋಡೆಗೆ ಮುಖ ಕೊಟ್ಟು ಕೂರುತ್ತಿದ್ದ ಮನುಷ್ಯ ಇವರು. ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ.

“ಗೊತ್ತು,” ಎಂದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಜನ ನನ್ನ ನೋಡಕ್ ಬರ್ತಿಲ್ಲ ಕಣಯ್ಯ.”

ಬೆಳಗ್ಗೆ ಹತ್ತಕ್ಕೆ ಶುರುವಾಗಿ ಸಂಜೆಗೆ ಮುಗಿದ ನಾಟಕ ಅದು. ಚಂದನಾ ಅಮ್ಮನನ್ನು ಕರೆದುಕೊಂಡು ಕುಣಿಗಲ್‌ನಿಂದ ಬಂದಿದ್ದಳು. ಕಂಡಕ್ಟರೂ ಬಳೆ ಅಂಗಡಿಯ ಅಮ್ಮನೂ ಒಂದೇ ಆಟೋದಲ್ಲಿ ಬಂದರು. ನಗಲೆಂದೇ ಬಂದ ಊರಿನ ಗಂಡಸರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೇಷ್ಟ್ರು ಬಂದು ಎಡಮೂಲೆಯಲ್ಲಿ ಕೂತಾಗ ಅವರಲ್ಲಿ ಗುಸುಗುಸು ಎದ್ದಿತು. “ಅಯ್ಯೋ, ಮುಖ ನೋಡ್ಲಾ ಹೆಂಗಾಗದೆ” ಎಂದ ಒಬ್ಬನ ಮಾತು ನನಗೇ ಕೇಳಿಸಿತು. ಮೇಷ್ಟ್ರಿಗೆ ಕೇಳಿಸದೆ ಇರಲು ಸಾಧ್ಯವಿಲ್ಲ. ಅವರು ಆ ಕಡೆ ತಿರುಗಲಿಲ್ಲ. ಜೊಲ್ಲು ಇಳಿದರೆ ಟವೆಲ್ಲಿನ ತುದಿಯಿಂದ ಒರೆಸಿಕೊಂಡು ಮತ್ತೆ ಪೆಟ್ಟಿಗೆ ತುಳಿದರು.

ಸಭೆಯ ದೃಶ್ಯ ಬಂತು. ಕಿರೀಟ, ಮೀಸೆ, ಗದೆ ಹೊತ್ತ ಗೌರಮ್ಮ ನಡುರಂಗಕ್ಕೆ ಬಂದು ನಿಂತು ಮೇಷ್ಟ್ರ ಕಡೆ ನೋಡಿದರು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ನನಗೆ ಕಾಣುತ್ತಿದ್ದದ್ದು ಮೇಷ್ಟ್ರ ಬಲಗೆನ್ನೆ ಮಾತ್ರ, ನಿರ್ಜೀವವಾಗಿ ಜೋತದ್ದು. ಆ ಕಡೆಯ ಅರ್ಧದಲ್ಲಿ ಏನು ನಡೆಯಿತೋ ನನಗೆ ಗೊತ್ತಾಗಲಿಲ್ಲ. ಗೌರಮ್ಮನವರ ಎದೆ ಉಬ್ಬಿತು. ಒಂದು ನಗು ಹೊರಟಿತು ನೋಡಿ, ಮೈಕು ಕಿರ್ರೆಂದಿತು. ನಿಲ್ಲುತ್ತದೆ ಅಂದುಕೊಂಡರೆ ನಿಲ್ಲಲಿಲ್ಲ, ಮೆಟ್ಟಿಲು ಹತ್ತುವ ಹಾಗೆ ಏರುತ್ತಾ ಹೋಯಿತು. ಮುಂದಿನ ಸಾಲಿನಲ್ಲಿ ಕಾಲ ಮೇಲಿನ ಕಾಲುಗಳು ಕೆಳಗಿಳಿದವು. ಗದೆ ನೆಲಕ್ಕೆ ಬಡಿದಾಗ ಹಿಂದಿನಿಂದ ಯಾರೋ “ವನ್ಸ್ ಮೋರ್!” ಎಂದು ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಮೇಷ್ಟ್ರು ಪೆಟ್ಟಿಗೆಯ ಮೇಲೆ ಅದೇ ಸ್ವರವನ್ನು ಹಿಂದಕ್ಕೆ ತಂದರು, ಗೌರಮ್ಮ ಇನ್ನೊಂದು ಸಲ ನಕ್ಕರು. ಕಂಡಕ್ಟರು ಎದ್ದು ನಿಂತು, ಸೋತ ಎಡಗೈಯನ್ನು ತೊಡೆಯ ಮೇಲಿಂದ ಎತ್ತಿಕೊಂಡು, ಅದಕ್ಕೆ ಬಲಗೈ ಹೊಡೆದು ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ ಫೋಟೋಗೆ ನಿಲ್ಲಿಸಿದರು. ಹನ್ನೆರಡು ಹೆಂಗಸರ ನಡುವೆ ಮೇಷ್ಟ್ರು ಕೂತರು. ಟವೆಲ್ಲು ಹೆಗಲ ಮೇಲೆಯೇ ಇತ್ತು.

ಚಿನ್ನುವಿನ ನಾಲ್ಕು ತಿಂಗಳು ಮುಗಿದು ಅದನ್ನು ಕಾಲೇಜಿಗೆ ವಾ‍ಪಸ್ ತಂದೆವು. ಚಂದನಾ ಪ್ರಾಜೆಕ್ಟಿನ ಪರೀಕ್ಷೆಯಲ್ಲಿ, ಯಂತ್ರ ಸಂತೈಸುವುದಕ್ಕಿಂತ ಕಲಿಯಲು ಕೂತರೆ ಕಾಯಿಲೆಯವರು ಏಳುತ್ತಾರೆ ಎಂದು ಹೇಳಿದಳು. ಹೊರಗಿನಿಂದ ಬಂದ ಪರೀಕ್ಷಕರು ಈ ಐಡಿಯಾ ಯಾರದು ಎಂದು ಕೇಳಿದ್ದಕ್ಕೆ “ನಮ್ ತಾತಂದು” ಎಂದಳಂತೆ.

ಮೇಷ್ಟ್ರು ಆ ಹೆಂಗಸರಿಗೆ ಇನ್ನೂ ಒಂದು ನಾಟಕ ಕಲಿಸಿದರು. ಮೂರನೆಯದನ್ನು ಶುರುಮಾಡಿದ್ದಾಗ ಎರಡನೇ ಸ್ಟ್ರೋಕ್ ಬಂತು, ಮೂರು ದಿನದಲ್ಲಿ ತೀರಿಕೊಂಡರು. ಅರ್ಧಕ್ಕೆ ನಿಂತಿದ್ದ ಆ ತಾಲೀಮನ್ನು ಗೌರಮ್ಮನೇ ನಡೆಸಿ ನಾಟಕ ಮುಗಿಸಿಕೊಟ್ಟರು. ಪೆಟ್ಟಿಗೆಯ ಪಾಠವನ್ನು ಆಕೆ ಒಂದು ವರ್ಷದಿಂದ ಮೇಷ್ಟ್ರ ಹತ್ತಿರ ಹೇಳಿಸಿಕೊಳ್ಳುತ್ತಿದ್ದರಂತೆ, ನಮಗಾರಿಗೂ ಗೊತ್ತಿರಲಿಲ್ಲ.

ಕಳೆದ ತಿಂಗಳು ಕುಣಿಗಲ್ ಕಡೆಯ ಒಂದು ಊರಿನಿಂದ ಐದು ಜನ ಗಂಡಸರು ಗೌರಮ್ಮನವರ ಮನೆ ಹುಡುಕಿಕೊಂಡು ಬಂದರು. ಅವರ ನಾಟಕಕ್ಕೆ ಪೆಟ್ಟಿಗೆ ಮೇಷ್ಟ್ರು ಬೇಕಾಗಿದ್ದರು. ಗೌರಮ್ಮ ಒಪ್ಪಿಕೊಂಡಿದ್ದಾರೆ. ಪ್ರತಿ ಶನಿವಾರ ಅಂಗನವಾಡಿ ಮುಗಿಸಿ, ಮಧ್ಯಾಹ್ನದ ಬಸ್ಸು ಹಿಡಿದು ಆ ಊರಿಗೆ ಹೋಗಿ ಬರುತ್ತಿದ್ದಾರೆ.